ಸಭೆಯಲ್ಲಿ ಪ್ರತಿಯೊಬ್ಬರ ವರವನ್ನೂ ಬಳಕೆಗೆ ತರುವ ಬಗೆ

ಭಾನುವಾರದ ಆರಾಧನೆಯ ಕೊನೆಯಲ್ಲಿ "ಸಂಡೇ ಸ್ಕೂಲಿಗೆ ಶಿಕ್ಷಕರು ಬೇಕಾಗಿದ್ದಾರೆ, ಮನಸ್ಸುಳ್ಳವರು ಹೆಸರು ಕೊಡಬೇಕು" ಎಂದು ಪ್ರಕಟಣೆ ಓದಿದರೆ, ಹೆಸರು ಕೊಡಲು ಬರುವವರು ಬಹುಪಾಲು ಆಗಲೇ ಎರಡು ಮೂರು ಕೆಲಸ ಹೊತ್ತಿರುವವರೇ. ಉಳಿದವರಿಗೆ ಮನಸ್ಸಿಲ್ಲವೆಂದು ಇದರ ಅರ್ಥವಲ್ಲ. ಇಡೀ ಸಭೆಗೆ ಹೇಳಿದ ಮಾತು ತಮಗೇ ಹೇಳಿದ್ದೆಂದು ಅವರಿಗೆ ಅನಿಸುವುದಿಲ್ಲ, ತಾವಾಗಿಯೇ ಮುಂದೆ ಬಂದರೆ ಜನ ಏನೆಂದುಕೊಂಡಾರು ಎಂಬ ಸಂಕೋಚವೂ ಇರುತ್ತದೆ. ದೇವರು ಕೊಟ್ಟ ವರವನ್ನು ಅದನ್ನು ಪಡೆದವರೇ ಗುರುತಿಸಿಕೊಂಡು ಬರಲಿ ಎಂದು ಕಾಯುವುದು ಸರಿಯಲ್ಲ. ನೋಡಿ, ಗುರುತಿಸಿ, ಹೆಸರು ಹಿಡಿದು ಕರೆಯುವುದು ಸಭೆಯ ಹೊಣೆ. ಈ ಹೊಣೆಯನ್ನು ಹೇಗೆ ನಿರ್ವಹಿಸಬಹುದೆಂದು ಸಭಾಪಾಲಕರಿಗೂ ಸಭಾ ಹಿರಿಯರಿಗೂ ಸ್ತ್ರೀಯರ ಅನ್ಯೋನ್ಯ ಕೂಟ, ಯುವಜನರ ಕೂಟಗಳ ಮುಂದಾಳುಗಳಿಗೂ ತಿಳಿಸುವುದಕ್ಕಾಗಿ ಈ ಬರಹ. ಉದಾಹರಣೆಗಳನ್ನು ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಕನ್ನಡ ಸಭೆಗಳ ಜೀವನದಿಂದ ಆರಿಸಿಕೊಂಡಿದ್ದೇನೆ. ಇತರ ಸಭೆಗಳವರು ತಮ್ಮ ಆರಾಧನಾ ಕ್ರಮಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು.

ಯಾವುದನ್ನು ವರವೆಂದು ಎಣಿಸಬೇಕು

ಬೈಬಲಿನಲ್ಲಿ, ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 12ನೆಯ ಅಧ್ಯಾಯದಲ್ಲಿ ಮತ್ತು ಎಫೆಸದವರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ ವರಗಳ ಪಟ್ಟಿಗಳಿವೆ. ಈ ಪಟ್ಟಿಗಳು ಒಂದರಂತೆ ಒಂದಿಲ್ಲ. ರೋಮಾಪುರದ ಪತ್ರದಲ್ಲಿ ಬೋಧಿಸುವುದರ ಜೊತೆಯಲ್ಲೇ ದಾನ ಕೊಡುವುದೂ ಕಷ್ಟದಲ್ಲಿರುವವರಿಗೆ ಕರುಣೆ ತೋರಿಸುವುದೂ ಬರುತ್ತವೆ. ಕೊರಿಂಥದ ಪತ್ರದಲ್ಲಿ ರೋಗ ವಾಸಿಮಾಡುವ ವರದ ಪಕ್ಕದಲ್ಲೇ ಸಹಾಯ ಮಾಡುವುದೂ ಆಡಳಿತ ನಡೆಸುವುದೂ ನಿಂತಿವೆ. ಆದುದರಿಂದ ಇವನ್ನು ಮುಗಿದುಹೋದ ಪಟ್ಟಿಗಳೆಂದು ತಿಳಿಯದೆ ಮಾದರಿಗಳೆಂದು ತಿಳಿಯುವುದು ಸೂಕ್ತ. ಪೇತ್ರನ ಮೊದಲನೆಯ ಪತ್ರದ 4ನೆಯ ಅಧ್ಯಾಯ ಇನ್ನೂ ಸರಳವಾಗಿ ಮಾತನಾಡುವವರು, ಸೇವೆ ಮಾಡುವವರು ಎಂಬ ಎರಡೇ ಬಗೆಯನ್ನು ಹೇಳಿ, ಇಬ್ಬರೂ ದೇವರ ಕೃಪೆಯ ಮನೆವಾರ್ತೆಯವರು, ಎಂದರೆ ಅದನ್ನು ನೋಡಿಕೊಂಡು ಹಂಚುವ ಹೊಣೆ ಹೊತ್ತವರು, ಎನ್ನುತ್ತದೆ.

ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಮೊದಲ ಬಗೆಯವರ ಹೆಸರಷ್ಟೇ ಕೇಳಿಬರುತ್ತದೆ. ಪ್ರಸಂಗ ಮಾಡುವವರು, ಹಾಡುವವರು, ಪ್ರಾರ್ಥನೆ ನಡೆಸುವವರು ವರ ಹೊಂದಿದವರು, ಮಿಕ್ಕವರು ಕೇಳುಗರು ಎಂಬ ಭಾವನೆ ಬಲವಾಗಿ ಬೇರೂರಿದೆ. ಇದನ್ನು ತಿದ್ದಲು ವಿಮೋಚನಕಾಂಡದ 31 ಮತ್ತು 35ನೆಯ ಅಧ್ಯಾಯಗಳನ್ನು ಸಭೆಯಲ್ಲಿ ಓದಿ ವಿವರಿಸುವುದು ತುಂಬ ಪ್ರಯೋಜನಕರ. ಅಲ್ಲಿ ದೇವರಾತ್ಮವು ಕುಶಲಕರ್ಮಿಯಾದ ಬೆಚಲೇಲನನ್ನು ತುಂಬಿದ್ದು ಚಿನ್ನ, ಬೆಳ್ಳಿ, ತಾಮ್ರಗಳ ಕೆಲಸಕ್ಕಾಗಿ, ರತ್ನ ಕೆತ್ತುವುದಕ್ಕಾಗಿ, ಮರಗೆಲಸಕ್ಕಾಗಿ. ಜಾಣೆಯರಾದ ಸ್ತ್ರೀಯರು ತಮ್ಮ ಕೈಯಿಂದ ನೂತ ನೂಲನ್ನು ದೇವದರ್ಶನದ ಗುಡಾರಕ್ಕೆ ತಂದುಕೊಟ್ಟರು. ಸಭೆಯಲ್ಲಿರುವ ಬಡಗಿಯೂ ದರ್ಜಿಯೂ ವೈರಿಂಗ್ ಕೆಲಸದವರೂ ಈ ಭಾಗವನ್ನು ತಮ್ಮ ಕೆಲಸದ ಕುರಿತಾದ ವಾಕ್ಯವೆಂದು ಕೇಳಿಸಿಕೊಳ್ಳುವ ಅವಕಾಶ ಸಿಗಬೇಕು.

ಕರ್ನಾಟಕದ ಸಭೆಗಳಿಗೆ ಇದು ಹೊಸ ವಿಚಾರವೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಉಪದೇಶ ಮಾಡುವವರನ್ನಷ್ಟೇ ಕಳುಹಿಸದೆ ಕೈಕೆಲಸ ಬಲ್ಲವರನ್ನೂ ಕಳುಹಿಸಿತು. ಅಚ್ಚುಕೂಟದ ಕೆಲಸ ಬಲ್ಲ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದರಿಂದ, ಕ್ರೈಸ್ತರಾದ ಕಾರಣಕ್ಕೆ ಮನೆಯನ್ನೂ ಕುಲಕಸುಬನ್ನೂ ಕಳೆದುಕೊಂಡಿದ್ದ ಎಷ್ಟೋ ಕುಟುಂಬಗಳಿಗೆ ದುಡಿಮೆ ಸಿಕ್ಕಿತು. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನಂಡ್ ಕಿಟ್ಟೆಲ್ ತಮ್ಮ ಭಾಷಾಜ್ಞಾನವನ್ನು ಕನ್ನಡದ ಛಂದಸ್ಸಿನಲ್ಲಿ ಕ್ರಿಸ್ತನ ಕಥೆ ಹೇಳುವುದಕ್ಕೂ ಬಳಸಿದರು. ಇವರ ಹೆಸರುಗಳು ದಾಖಲೆಯಲ್ಲಿ ಉಳಿದಿವೆ. ಆದರೆ ಇವರೊಂದಿಗೆ ದುಡಿದ ಊರಿನ ಉಪದೇಶಿಗಳು, ಹುಡುಗಿಯರಿಗೆ ಓದು ಕಲಿಸಿದ ಶಿಕ್ಷಕಿಯರು, ಸಭೆಯ ಅಂಗಳ ಗುಡಿಸಿ ಗಂಟೆ ಬಾರಿಸಿದವರು ಯಾರೆಂದು ಪ್ರತಿ ಸಭೆಯೂ ತನ್ನ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಹಿಂದಿನವರ ಸೇವೆಯನ್ನು ಹೀಗೆ ನೆನೆಯುವ ಸಭೆಗೆ ಇಂದಿನವರ ಸೇವೆಯೂ ಬೇಗ ಕಣ್ಣಿಗೆ ಬೀಳುತ್ತದೆ.

ಮನೆ ಭೇಟಿಯಿಂದ ಆರಂಭಿಸಬೇಕು

ವರಗಳನ್ನು ತಿಳಿಯಲು ಕೆಲವು ಸಭೆಗಳು ಪ್ರಶ್ನೆಗಳಿರುವ ನಮೂನೆಯನ್ನು ಹಂಚಿ ತುಂಬಿಸಿಕೊಳ್ಳುತ್ತವೆ. ದೊಡ್ಡ ಸಭೆಗೆ ಇದರಿಂದ ಸ್ವಲ್ಪ ಸಹಾಯವಾಗಬಹುದು. ಆದರೆ ಜನ ತಮಗೆ ಇರುವುದರ ಮುಂದೆ ಗುರುತು ಹಾಕುವ ಬದಲು ತಾವು ಮೆಚ್ಚುವುದರ ಮುಂದೆ ಹಾಕುತ್ತಾರೆ, ಸಂಕೋಚ ಸ್ವಭಾವದವರು ಏನನ್ನೂ ಬರೆಯುವುದಿಲ್ಲ, ಓದುಬರಹ ಕಡಿಮೆಯಿರುವವರು ಹಾಳೆಯನ್ನು ಮಡಚಿ ಇಟ್ಟುಕೊಳ್ಳುತ್ತಾರೆ. ಇದಕ್ಕಿಂತ ಮನೆ ಭೇಟಿ ಮೇಲು. ಸಭಾ ಹಿರಿಯರಲ್ಲಿ ಇಬ್ಬಿಬ್ಬರು, ಸಾಧ್ಯವಾದರೆ ಒಬ್ಬರು ಗಂಡಸು ಮತ್ತು ಒಬ್ಬರು ಹೆಂಗಸು, ತಮ್ಮ ಪಾಲಿನ ಮನೆಗಳಿಗೆ ಹೋಗಿ ಮನೆಮಂದಿಯೊಡನೆ ಅರ್ಧ ಗಂಟೆ ಕುಳಿತು ಮಾತನಾಡಲಿ. "ನಿಮ್ಮ ವರ ಯಾವುದು?" ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ನೆರೆಹೊರೆಯವರು ಯಾವ ಸಹಾಯಕ್ಕೆ ನಿಮ್ಮ ಬಾಗಿಲಿಗೆ ಬರುತ್ತಾರೆ, ಯಾರ ಕಷ್ಟ ನೋಡಿದರೆ ನಿಮಗೆ ಸುಮ್ಮನಿರಲಾಗುವುದಿಲ್ಲ ಎಂದು ಕೇಳಬೇಕು. ಒಬ್ಬರ ಬಗ್ಗೆ ಮನೆಯ ಇನ್ನೊಬ್ಬರನ್ನು ಕೇಳುವುದು ಇನ್ನೂ ಒಳ್ಳೆಯದು. ಸೊಸೆಯ ಹಾಡುಗಾರಿಕೆಯನ್ನು ಅತ್ತೆ ಹೇಳುತ್ತಾರೆ, ತಾತನ ಪ್ರಾರ್ಥನೆಯನ್ನು ಮೊಮ್ಮಗ ಹೇಳುತ್ತಾನೆ.

ಭೇಟಿಯಲ್ಲಿ ತಿಳಿದದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು: ಹೆಸರು, ಬಲ್ಲ ಕೆಲಸ, ಬಿಡುವಿರುವ ದಿನ, ಮನೆಯ ತೊಂದರೆಗಳು. ಬಿಡುವಿನ ವಿಷಯವನ್ನು ಲಘುವಾಗಿ ನೋಡಬಾರದು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ದಾದಿಯನ್ನು ಭಾನುವಾರ ಬೆಳಗಿನ ಕೆಲಸಕ್ಕೆ ಕರೆಯುವುದು ಅವರ ವರವನ್ನು ಗೌರವಿಸಿದಂತಾಗುವುದಿಲ್ಲ. ಸಭೆಗೆ ಬರಲಾಗದ ವೃದ್ಧರ, ಹಾಸಿಗೆ ಹಿಡಿದವರ, ಅಂಗವೈಕಲ್ಯವುಳ್ಳವರ ಮನೆಗಳನ್ನು ಕೊನೆಗೆ ಬಿಡದೆ ಮೊದಲು ಭೇಟಿ ಮಾಡಬೇಕು. ದೇಹದಲ್ಲಿ ಬಲಹೀನವೆಂದು ತೋರುವ ಅಂಗಗಳೇ ಹೆಚ್ಚು ಅವಶ್ಯವೆಂದು ಪೌಲನು ಕೊರಿಂಥದವರಿಗೆ ಬರೆದದ್ದು ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಮನೆಯಿಂದ ಹೊರಗೆ ಬರಲಾಗದ ಅಜ್ಜಿಯೊಬ್ಬರಿಗೆ ವಾರದ ಪ್ರಾರ್ಥನಾ ವಿಷಯಗಳ ಚೀಟಿಯನ್ನು ಶನಿವಾರ ತಲುಪಿಸಿ, ಅವರು ಪ್ರತಿಯೊಂದು ಹೆಸರಿಗಾಗಿಯೂ ಪ್ರಾರ್ಥಿಸುತ್ತಾರೆಂದು ಸಭೆಗೆ ತಿಳಿಸಿದರೆ ಅದು ಸಭೆಯ ಸೇವೆಗಳಲ್ಲಿ ಒಂದಾಗುತ್ತದೆ. ಅವರ ಸಮಾಧಾನಕ್ಕಾಗಿ ಕೊಟ್ಟ ಕೆಲಸವೆಂದು ಯಾರೂ ಎಣಿಸಬಾರದು.

ಕರೆಯುವಾಗ ಎದುರಿಗೆ ಕುಳಿತು ಕರೆಯಬೇಕು, ಏಕೆ ಕರೆಯುತ್ತಿದ್ದೇವೆಂದು ಹೇಳಬೇಕು. "ಅಕ್ಕಾ, ಕಳೆದ ತಿಂಗಳು ಆ ಮಗು ಅಳುತ್ತಿದ್ದಾಗ ನೀವು ಹೇಗೆ ಸಮಾಧಾನ ಮಾಡಿದಿರಿ ಎಂಬುದನ್ನು ನೋಡಿದೆವು. ಸಂಡೇ ಸ್ಕೂಲಿನ ಚಿಕ್ಕ ಮಕ್ಕಳ ತರಗತಿಯಲ್ಲಿ ಮೂರು ತಿಂಗಳು ಸಹಾಯಕ್ಕೆ ನಿಲ್ಲುತ್ತೀರಾ?" ಎಂಬ ಮಾತಿನಲ್ಲಿ ಕಂಡದ್ದೂ ಇದೆ, ಕೆಲಸವೂ ಇದೆ, ಅವಧಿಯೂ ಇದೆ. ಅವಧಿ ಹೇಳದೆ ಒಪ್ಪಿಸಿದ ಕೆಲಸ ಜೀವನಪರ್ಯಂತದ ಹೊರೆಯಾಗುತ್ತದೆಂಬ ಭಯದಿಂದಲೇ ಅನೇಕರು ಹಿಂಜರಿಯುತ್ತಾರೆ. ಯೋಚಿಸಿ ಹೇಳಲು ಒಂದು ವಾರ ಕೊಡಬೇಕು. ಬೇಡವೆಂದರೆ ಮುಖ ಕೆಡಿಸಿಕೊಳ್ಳದೆ ಒಪ್ಪಿಕೊಳ್ಳಬೇಕು.

ಆರಾಧನೆಯಲ್ಲಿ ಪಾಲು

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡ ಬಳಿಕ, 1950ರಲ್ಲಿ ಮೊದಲು ಬಳಕೆಗೆ ಬಂದ ಅದರ ಕರ್ತನ ಭೋಜನದ ಕ್ರಮದಲ್ಲಿ ಜನರ ಪಾಲಿಗೆ ಬಹಳ ಎಡೆಯಿದೆ. ಶಾಂತಿಯ ವಂದನೆ ಕೈಯಿಂದ ಕೈಗೆ ದಾಟಿ ಇಡೀ ಸಭೆಯನ್ನು ಮುಟ್ಟುತ್ತದೆ, ರೊಟ್ಟಿ ದ್ರಾಕ್ಷಾರಸಗಳನ್ನೂ ಕಾಣಿಕೆಯನ್ನೂ ಸಭೆಯ ನಡುವಿನಿಂದ ಮುಂದೆ ತರುತ್ತಾರೆ, ವಿಜ್ಞಾಪನೆಗಳಿಗೆ ಜನರೆಲ್ಲರೂ ಪ್ರತ್ಯುತ್ತರ ಕೊಡುತ್ತಾರೆ. ಹೊಸದೇನನ್ನೂ ಸೇರಿಸುವ ಮೊದಲು ಈ ಕ್ರಮದಲ್ಲಿ ಈಗಾಗಲೇ ಇರುವ ಎಡೆಗಳನ್ನು ಹಂಚಿಕೊಡಬೇಕು. ವೇದಪಾಠಗಳನ್ನು, ಎಂದರೆ ಆರಾಧನೆಯಲ್ಲಿ ಓದುವ ಬೈಬಲಿನ ಭಾಗಗಳನ್ನು, ವರ್ಷವಿಡೀ ಇಬ್ಬರೇ ಓದುತ್ತಿದ್ದರೆ, ರೊಟ್ಟಿ ದ್ರಾಕ್ಷಾರಸಗಳನ್ನು ಯಾವಾಗಲೂ ಅದೇ ಮನೆಯವರು ತರುತ್ತಿದ್ದರೆ, ಅಲ್ಲಿಂದಲೇ ಬದಲಾವಣೆ ಆರಂಭವಾಗಲಿ.

ವೇದಪಾಠ ಓದುವುದನ್ನು ಕಲಿಸುವ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏಕೆಂದರೆ ಇದು ಅತಿ ಸುಲಭವೆಂದು ಎಲ್ಲರೂ ಎಣಿಸುತ್ತಾರೆ, ಆದರೆ ಸರಿಯಾಗಿ ಓದದಿದ್ದರೆ ಆ ದಿನದ ದೇವರ ವಾಕ್ಯ ಯಾರ ಕಿವಿಗೂ ತಲುಪುವುದಿಲ್ಲ. ಪವಿತ್ರಾತ್ಮನು ಇಳಿದುಬಂದದ್ದನ್ನು ನೆನೆಯುವ ಪಂಚಾಶತ್ತಮ ದಿನದ ಭಾನುವಾರ ಅಪೊಸ್ತಲರ ಕೃತ್ಯಗಳ 2ನೆಯ ಅಧ್ಯಾಯವನ್ನು ಓದಲು ಪಿಯುಸಿ ಓದುವ ಹುಡುಗಿಯೊಬ್ಬಳಿಗೆ ಹೇಳಿದ್ದೀರೆಂದು ಇಟ್ಟುಕೊಳ್ಳಿ. ಆ ಭಾಗವನ್ನು ಅವಳಿಗೆ ಒಂದು ವಾರ ಮೊದಲೇ ಕೊಡಬೇಕು. ಶನಿವಾರ ಸಂಜೆ ಓದಲು ಬಲ್ಲ ಹಿರಿಯರೊಬ್ಬರು ಅವಳೊಂದಿಗೆ ದೇವಾಲಯದಲ್ಲಿ ಕುಳಿತು ಮೊದಲು ಅರ್ಥ ಮಾತನಾಡಲಿ: ಯಾರು ಯಾರಿಗೆ ಹೇಳುತ್ತಿದ್ದಾರೆ, ಜನ ಏಕೆ ಬೆರಗಾದರು. ಆಮೇಲೆ ಪೆನ್ಸಿಲಿನಿಂದ ಉಸಿರು ತೆಗೆದುಕೊಳ್ಳುವ ಜಾಗಗಳಿಗೆ ಸಣ್ಣ ಗೆರೆ ಹಾಕಿಕೊಳ್ಳಲಿ, ಏಕೆಂದರೆ ಕನ್ನಡ ವೇದದ ವಾಕ್ಯಗಳು ಉದ್ದ, ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ನಡುವೆ ಉಸಿರು ತಪ್ಪಿದರೆ ಅರ್ಥವೂ ತಪ್ಪುತ್ತದೆ. ಕಪ್ಪದೋಕ್ಯ, ಫ್ರುಗ್ಯ, ಪಂಫುಲ್ಯ ಎಂಬ ಹೆಸರುಗಳನ್ನು ಬಿಡಿಸಿ ನಾಲ್ಕಾರು ಸಲ ಬಾಯಿಗೆ ತಂದುಕೊಂಡರೆ ಮರುದಿನ ತಡವರಿಸುವುದಿಲ್ಲ. ಕೊನೆಗೆ ಮೈಕಿನ ಮುಂದೆ ನಿಲ್ಲಿಸಿ, ಬಾಯಿಗೂ ಮೈಕಿಗೂ ಒಂದು ಗೇಣು ದೂರವಿರಲೆಂದು ತೋರಿಸಿ, ಹಿರಿಯರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲಿ. ಹಿಂದಿನ ಸಾಲಿಗೆ ಒಂದೊಂದು ಪದವೂ ಕೇಳಿಸಿದರೆ ಅಭ್ಯಾಸ ಸಾಕು. ಇಷ್ಟು ಶ್ರದ್ಧೆಯಿಂದ ಒಮ್ಮೆ ಕಲಿತವಳು ಮುಂದಿನವರಿಗೆ ತಾನೇ ಕಲಿಸುವಂತಾಗುತ್ತಾಳೆ.

ಸಂಗೀತದಲ್ಲಿ ಕ್ವಾಯರ್ ಒಂದೇ ದಾರಿಯಲ್ಲ. ನಾಲ್ಕು ಸ್ವರದಲ್ಲಿ ಹಾಡುವ ಪದ್ಧತಿಗೆ ಒಗ್ಗದ ಕಂಠವು ಹಾರ್ಮೋನಿಯಂ, ತಬಲ, ತಾಳಗಳೊಂದಿಗಿನ ಭಜನೆಯಲ್ಲಿ ಚೆನ್ನಾಗಿ ಅರಳಬಹುದು. ತಿಂಗಳಿಗೊಂದು ಭಾನುವಾರವಾದರೂ ಭಜನೆಗೆ ಎಡೆಯಿದ್ದರೆ ಹಳ್ಳಿಯಿಂದ ಬಂದ ಕುಟುಂಬಗಳಿಗೆ ಆರಾಧನೆ ತಮ್ಮದೆನಿಸುತ್ತದೆ. ಬೆಂಗಳೂರಿನ ಕನ್ನಡ ಸಭೆಗಳಲ್ಲಿ ಬೀದರ್, ರಾಯಚೂರು, ಗದಗ ಕಡೆಯಿಂದ ಕೆಲಸ ಅರಸಿ ಬಂದವರು ಕುಳಿತಿರುತ್ತಾರೆ. ಅವರ ಊರಿನ ಧಾಟಿಯ ಹಾಡುಗಳನ್ನು ಅವರಿಂದಲೇ ಕಲಿಯುವುದು ಇಡೀ ಸಭೆಗೆ ಲಾಭ.

ವಿಜ್ಞಾಪನಾ ಪ್ರಾರ್ಥನೆಯನ್ನು ಸಭಿಕರಿಗೆ ಒಪ್ಪಿಸುವಾಗ ಬರೆದುಕೊಂಡು ಬರಲು ಹೇಳಬೇಕು. ಬರೆದ ಪ್ರಾರ್ಥನೆಯಲ್ಲಿ ಭಕ್ತಿ ಕಡಿಮೆಯೆಂಬ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಊರಿನ ಮಳೆ ಬೆಳೆ, ಆಸ್ಪತ್ರೆಯಲ್ಲಿರುವವರು, ಪರೀಕ್ಷೆ ಬರೆಯುವ ಮಕ್ಕಳು, ಕೆಲಸ ಕಳೆದುಕೊಂಡವರು, ಆಳುವವರು, ನೆರೆಯ ಬೇರೆ ಧರ್ಮದವರು—ಇವರೆಲ್ಲರನ್ನು ಮರೆಯದೆ ಐದು ನಿಮಿಷದಲ್ಲಿ ದೇವರ ಮುಂದೆ ತರಲು ಮೊದಲೇ ಯೋಚಿಸಿ ಬರೆದಿರಬೇಕಾಗುತ್ತದೆ. ಒಬ್ಬರ ಕಾಯಿಲೆಯನ್ನೋ ಮನೆಯ ಜಗಳವನ್ನೋ ಅವರ ಒಪ್ಪಿಗೆಯಿಲ್ಲದೆ ಪ್ರಾರ್ಥನೆಯಲ್ಲಿ ಹೆಸರಿಸಬಾರದೆಂದೂ ಮೊದಲೇ ತಿಳಿಸಿರಬೇಕು. ಸಾಕ್ಷಿ ಹೇಳುವವರಿಗೂ ಇದೇ ಕ್ರಮ: ಮೂರು ನಿಮಿಷ, ಮೊದಲೇ ಸಭಾಪಾಲಕರೊಂದಿಗೆ ಮಾತುಕತೆ, ಬೇರೆಯವರ ಗುಟ್ಟು ಬೇಡ. ಕೊರಿಂಥದ ಸಭೆಯಲ್ಲಿ ಒಬ್ಬೊಬ್ಬರೂ ಹಾಡನ್ನೋ ಉಪದೇಶವನ್ನೋ ತರುತ್ತಿದ್ದರು. ಪೌಲನು ಅದನ್ನು ತಡೆಯಲಿಲ್ಲ. ಇಬ್ಬರು ಮೂವರು ಸರದಿಯಾಗಿ ಮಾತನಾಡಲಿ, ಉಳಿದವರು ತೂಗಿ ನೋಡಲಿ, ಎಲ್ಲವೂ ಕಟ್ಟುವುದಕ್ಕಾಗಿ ನಡೆಯಲಿ ಎಂದನು.

ಸಾವಿನ ಮನೆಯಲ್ಲಿ

ಸೇವೆಯನ್ನು ಹಂಚಿಕೊಳ್ಳುವ ಅಭ್ಯಾಸ ಸಭೆಯಲ್ಲಿ ಎಷ್ಟರಮಟ್ಟಿಗೆ ಇದೆಯೆಂದು ಸಾವಿನ ಮನೆಯಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ. ಆದುದರಿಂದ ಸೇವಾ ತಂಡ ಕಟ್ಟಲು ಎಲ್ಲಿಂದ ಆರಂಭಿಸಬೇಕೆಂದು ಕೇಳಿದವರಿಗೆ ನಾನು ಇಲ್ಲಿಂದಲೇ ಎನ್ನುತ್ತೇನೆ. ಒಂದು ಮನೆಯಲ್ಲಿ ಮುಂಜಾನೆ ಸಾವು ಸಂಭವಿಸಿದರೆ ಸಂಜೆಯೊಳಗೆ ಆಗಬೇಕಾದ ಕೆಲಸಗಳು ಎಷ್ಟೋ ಇರುತ್ತವೆ. ಸಭಾಪಾಲಕರಿಗೆ ಸುದ್ದಿ, ದೇವಾಲಯದ ಗಂಟೆ, ವೈದ್ಯರ ಪ್ರಮಾಣಪತ್ರ, ಶವಪೆಟ್ಟಿಗೆ, ಸಮಾಧಿ ತೋಡುವವರು, ಕುರ್ಚಿ ಶಾಮಿಯಾನ, ದೂರದ ಊರಿನಿಂದ ಬರುವ ಬಂಧುಗಳಿಗೆ ಫೋನು ಮತ್ತು ಇಳಿದುಕೊಳ್ಳುವ ಜಾಗ, ಬಂದವರಿಗೆ ಚಹಾ, ಮನೆಯವರಿಗೆ ಒತ್ತಾಯ ಮಾಡಿ ಕುಡಿಸಬೇಕಾದ ಗಂಜಿ. ಇಷ್ಟೂ ಕೆಲಸ ದುಃಖದಲ್ಲಿರುವ ಮನೆಯವರ ತಲೆಯ ಮೇಲೆ ಬೀಳದಂತೆ ನೋಡಿಕೊಳ್ಳುವುದು ಸಭೆಯ ಕರ್ತವ್ಯ.

ಈ ಕೆಲಸಗಳಲ್ಲಿ ಎಷ್ಟು ಬಗೆಯ ವರಗಳಿಗೆ ಎಡೆಯಿದೆಯೆಂದು ಗಮನಿಸಬೇಕು. ಗದ್ದಲದ ನಡುವೆಯೂ ಶಾಂತವಾಗಿ ಫೋನಿನಲ್ಲಿ ಮಾತನಾಡಬಲ್ಲವರು ಒಬ್ಬರು. ನೂರು ಜನರ ಅಡುಗೆಯನ್ನು ಕಣ್ಣಳತೆಯಲ್ಲೇ ನಿಭಾಯಿಸುವ ಹೆಂಗಸರಿದ್ದಾರೆ. ಆಟೊ ಅಥವಾ ವ್ಯಾನ್ ಓಡಿಸುವವರು ವೃದ್ಧರನ್ನು ಕರೆತಂದು ಬಿಡುತ್ತಾರೆ. ಮನೆಯ ಚಿಕ್ಕ ಮಕ್ಕಳನ್ನು ಪಕ್ಕದ ಮನೆಗೆ ಕರೆದೊಯ್ದು ಊಟ ಮಾಡಿಸಿ, ಅವರು ಕೇಳುವ ಪ್ರಶ್ನೆಗಳಿಗೆ ಸುಳ್ಳು ಹೇಳದೆ ಉತ್ತರಿಸಬಲ್ಲವರು ಬಹಳ ಅಮೂಲ್ಯ, ಅಂಥವರನ್ನು ಮೊದಲೇ ಗುರುತಿಸಿಟ್ಟಿರಬೇಕು. ಹಾಡಲು ಬರುವವರು ಸಮಾಧಿಯ ಬಳಿ ಮಾತ್ರ ಹಾಡಿದರೆ ಸಾಲದು, ರಾತ್ರಿ ಎಲ್ಲರೂ ಹೋದ ಮೇಲೆ ಮನೆಯಲ್ಲಿ ಮೆಲ್ಲನೆ ಒಂದೆರಡು ಗೀತೆ ಹಾಡಿ ಪ್ರಾರ್ಥಿಸಿ ಬರಬೇಕು. ಮತ್ತೆ ಕೆಲವರಿಗೆ ಮಾತಿಲ್ಲದೆ ಪಕ್ಕದಲ್ಲಿ ಕುಳಿತಿರುವುದು ಬರುತ್ತದೆ. ರೋಮಾಪುರದ ಪತ್ರ ಕರುಣೆ ತೋರಿಸುವವರ ಬಗ್ಗೆ ಹೇಳಿದ್ದು ಇಂಥವರನ್ನೂ ಕುರಿತೇ ಎಂದು ನನ್ನ ನಂಬಿಕೆ.

ಸಮಾಧಿಯಾದ ಮೇಲೂ ಕೆಲಸ ಮುಗಿಯುವುದಿಲ್ಲ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಪ್ರಮಾಣಪತ್ರದ ಪ್ರತಿಗಳನ್ನು ಪಡೆಯಬೇಕು, ಬ್ಯಾಂಕ್ ಖಾತೆ, ವಿಮೆ, ಪಿಂಚಣಿ, ವಿಧವಾ ವೇತನ, ಪಡಿತರ ಚೀಟಿಗಳಿಗೆ ಅರ್ಜಿ ಹಾಕಬೇಕು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರೊಬ್ಬರು ಸಭೆಯಲ್ಲಿದ್ದರೆ ಇದು ಅವರ ಸೇವೆ. ವೇದಪೀಠದ ಮುಂದೆ ನಿಂತು ಒಂದು ಮಾತನ್ನೂ ಆಡದ ಅಂಥವರು ತಾಲ್ಲೂಕು ಕಚೇರಿಯ ಸಾಲಿನಲ್ಲಿ ವಿಧವೆಯ ಜೊತೆ ನಿಂತರೆ, ಯೊಪ್ಪದಲ್ಲಿ ವಿಧವೆಯರಿಗೆ ಅಂಗಿಗಳನ್ನು ಹೊಲಿದುಕೊಟ್ಟ ದೊರ್ಕಳ ಸಾಲಿಗೇ ಸೇರುತ್ತಾರೆ. ಆ ಬಟ್ಟೆಗಳನ್ನು ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದರೆಂದು ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯ ಹೇಳುತ್ತದೆ.

ಈ ತಂಡ ಒಮ್ಮೆ ನಿಂತರೆ ಅದೇ ರೀತಿಯಲ್ಲಿ ಬೇರೆ ಕೆಲಸಗಳನ್ನೂ ಕಟ್ಟಬಹುದು. ಆರಾಧನೆಯ ಬಳಿಕ ದಾದಿಯರು ರಕ್ತದೊತ್ತಡ ಪರೀಕ್ಷಿಸುವುದು, ಶಿಕ್ಷಕರು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುವುದು, ಯುವಕರು ಹಿರಿಯರಿಗೆ ಮೊಬೈಲಿನಲ್ಲಿ ಹಣ ಕಳಿಸುವುದನ್ನೂ ಮೋಸದ ಕರೆಗಳನ್ನು ಗುರುತಿಸುವುದನ್ನೂ ಕಲಿಸುವುದು, ಪ್ಲಂಬರು ವರ್ಷಕ್ಕೊಮ್ಮೆ ಬಡ ಮನೆಗಳ ನಲ್ಲಿ ರಿಪೇರಿ ಮಾಡುವುದು. ಇವು ಸಭಿಕರಿಗೆ ಮಾತ್ರ ಮೀಸಲಾಗದೆ ಬೀದಿಯ ಎಲ್ಲರಿಗೂ ತೆರೆದಿರಬೇಕು. ಸಹಾಯಕ್ಕೆ ಬಂದವರು ಆರಾಧನೆಗೆ ಬರಲೇಬೇಕೆಂಬ ಸೂಚನೆ ಎಲ್ಲಿಯೂ ಇರಬಾರದು.

ಯಾರು ಆರಿಸಬೇಕು, ಯಾರನ್ನು

ಯೆರೂಸಲೇಮಿನ ಸಭೆಯಲ್ಲಿ ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗುಣುಗುಟ್ಟುವಿಕೆ ಎದ್ದಾಗ ಅಪೊಸ್ತಲರು ದೂರನ್ನು ತಳ್ಳಿಹಾಕಲಿಲ್ಲ. ಏಳು ಮಂದಿಯನ್ನು ಆರಿಸಲು ಸಭೆಗೇ ಹೇಳಿದರು. ಆರಿಸಲ್ಪಟ್ಟ ಸ್ತೆಫನ, ಫಿಲಿಪ್ಪ ಮೊದಲಾದ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ಎಂದರೆ ಕಡೆಗಣಿಸಲ್ಪಟ್ಟವರ ಕಡೆಯವರ ಕೈಗೇ ಹಂಚಿಕೆಯ ಹೊಣೆ ಹೋಯಿತೆಂದು ತೋರುತ್ತದೆ. ನಮ್ಮ ಸಭೆಗಳಲ್ಲಿ ಹೊಣೆಗಳು ಕೆಲವು ಹಳೆಯ ಕುಟುಂಬಗಳಲ್ಲೇ ಸುತ್ತುವುದನ್ನು, ಜಾತಿಯ ನೆನಪು ಸಮಿತಿಯ ಆಯ್ಕೆಯಲ್ಲಿ ಇನ್ನೂ ಇಣುಕುವುದನ್ನು, ಮದುವೆಯಾಗಿ ಬಂದ ಸೊಸೆಯಂದಿರನ್ನೂ ಬಾಡಿಗೆ ಮನೆಯವರನ್ನೂ ಹೊರಗಿನವರೆಂದು ಎಣಿಸುವುದನ್ನು ಈ ಅಧ್ಯಾಯದ ಬೆಳಕಿನಲ್ಲಿ ಪ್ರಾಮಾಣಿಕವಾಗಿ ನೋಡಬೇಕು. ವರ್ಷಕ್ಕೊಮ್ಮೆ ಸಭಾ ಸಮಿತಿಯು ಹೊಣೆ ಹೊತ್ತವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು, ಯಾವ ಬೀದಿಯವರು, ಯಾವ ದುಡಿಮೆಯವರು, ಯಾವ ವಯಸ್ಸಿನವರು ಅದರಲ್ಲಿ ಇಲ್ಲವೇ ಇಲ್ಲ ಎಂದು ನೋಡಿಕೊಂಡರೆ ಮುಂದೆ ಯಾರನ್ನು ಕರೆಯಬೇಕೆಂದು ತಿಳಿಯುತ್ತದೆ.

ಒಬ್ಬರು ಬಯಸಿದ ಕೆಲಸಕ್ಕೆ ಅವರಲ್ಲಿ ವರ ಕಾಣದಿದ್ದಾಗ ಏನು ಮಾಡಬೇಕು? ಶ್ರುತಿ ಸೇರದ ಕಂಠದವರು ಒಂಟಿಯಾಗಿ ಹಾಡಬೇಕೆನ್ನುತ್ತಾರೆ, ಕೋಪ ತಡೆಯಲಾರದವರು ಪ್ರಸಂಗಪೀಠ ಬೇಕೆನ್ನುತ್ತಾರೆ. ಸಭಾಪಾಲಕರು ಅವರನ್ನು ಪ್ರತ್ಯೇಕವಾಗಿ ಕರೆದು, ನಿಜವನ್ನು ಮೃದುವಾಗಿ ಆದರೆ ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಿ, ಅವರಲ್ಲಿ ಸಭೆಗೆ ಕಂಡಿರುವ ಬೇರೆ ಸಾಮರ್ಥ್ಯಕ್ಕೆ ಅದೇ ಮಾತಿನಲ್ಲಿ ಕರೆ ಕೊಡಬೇಕು. "ನೋಡೋಣ, ಮುಂದೆ ಅವಕಾಶ ಬರುತ್ತದೆ" ಎಂದು ವರ್ಷಗಟ್ಟಲೆ ಸಾಗಹಾಕುವುದು ದಯೆಯಲ್ಲ. ಅದರಿಂದ ಮನಸ್ಸು ಕಹಿಯಾಗಿ ಕೆಲವರು ಸಭೆಯನ್ನೇ ಬಿಟ್ಟುಹೋಗುತ್ತಾರೆ.

ಎಚ್ಚರ ವಹಿಸಬೇಕಾದ ಕಡೆಗಳು

ಮಕ್ಕಳ ನಡುವಿನ ಸೇವೆಗೆ ಉತ್ಸಾಹವೊಂದೇ ಅರ್ಹತೆಯಲ್ಲ. ಹೊಸದಾಗಿ ಸಭೆಗೆ ಬಂದವರನ್ನು ಸ್ವಲ್ಪ ಕಾಲ ಬಲ್ಲವರಾದ ಮೇಲಷ್ಟೇ ಮಕ್ಕಳ ಹೊಣೆಗೆ ಸೇರಿಸಬೇಕು. ಯಾವ ತರಗತಿಯಲ್ಲೂ ಯಾವ ಪ್ರವಾಸದಲ್ಲೂ ಇಬ್ಬರು ದೊಡ್ಡವರಿರಬೇಕು, ಕೋಣೆಯ ಬಾಗಿಲು ತೆರೆದಿರಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಭೆಯ ಹೆಸರು ಕೆಡುತ್ತದೆಂದು ಸಮಿತಿಯೊಳಗೇ ಮುಗಿಸಲು ಯಾರಿಗೂ ಅಧಿಕಾರವಿಲ್ಲ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ತರಗತಿಯ ಗೋಡೆಯ ಮೇಲೆ ಮಕ್ಕಳಿಗೆ ಓದಲಾಗುವಂತೆ ಬರೆದಿರಬೇಕು.

ರೋಗಿಗಳಿಗಾಗಿ ಪ್ರಾರ್ಥಿಸುವ ವರವುಳ್ಳವರು ಔಷಧಿ ನಿಲ್ಲಿಸಲು ಎಂದೂ ಹೇಳಬಾರದು. ಕಾಣಿಕೆ ಎಣಿಸುವ ಹೊಣೆ ಒಂದೇ ಕುಟುಂಬದವರಲ್ಲದ ಇಬ್ಬರ ಕೈಯಲ್ಲಿರಬೇಕು, ಎಣಿಸಿದ ಕೂಡಲೇ ಇಬ್ಬರೂ ಸಹಿ ಹಾಕಬೇಕು. ಲೆಕ್ಕ ಇಡುವುದೂ ವರವೇ, ಅದನ್ನು ಸಂಶಯದ ನೆರಳಿನಿಂದ ಕಾಪಾಡುವ ಕ್ರಮವಿದು.

ದಣಿವು ಇನ್ನೊಂದು ಅಪಾಯ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ನ್ಯಾಯ ತೀರಿಸುತ್ತಿದ್ದ ಮೋಶೆಗೆ ಮಾವನಾದ ಇತ್ರೋನನು ಹೇಳಿದ ಬುದ್ಧಿವಾದ ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿದೆ: ಹೀಗೆ ಮಾಡಿದರೆ ನೀನೂ ಜನರೂ ಬಳಲಿಹೋಗುವಿರಿ. ಸಾಮರ್ಥ್ಯವುಳ್ಳವರಿಗೆ ಕೆಲಸ ಮೇಲೆ ಮೇಲೆ ಬೀಳುತ್ತದೆ, ಅವರು ಬೇಡವೆನ್ನುವುದಿಲ್ಲ, ಒಂದು ದಿನ ಏಕಾಏಕಿ ಎಲ್ಲವನ್ನೂ ಬಿಡುತ್ತಾರೆ. ಒಬ್ಬರಿಗೆ ಒಂದು ಮುಖ್ಯ ಹೊಣೆ, ಹೆಚ್ಚೆಂದರೆ ಇನ್ನೊಂದು ಚಿಕ್ಕ ಹೊಣೆ ಎಂಬ ಮಿತಿಯನ್ನು ಸಭಾ ಸಮಿತಿಯೇ ಗೊತ್ತುಮಾಡಬೇಕು. ಪ್ರತಿಯೊಂದು ಕೆಲಸಕ್ಕೂ ಜೊತೆಯಲ್ಲಿ ಕಲಿಯುವ ಒಬ್ಬರನ್ನು ಸೇರಿಸಬೇಕು. ಮನೆಯಲ್ಲಿ ಹೆರಿಗೆ, ಕಾಯಿಲೆ, ಮಕ್ಕಳ ಪರೀಕ್ಷೆ ಇದ್ದಾಗ ಬಿಡುವು ಕೇಳುವುದು ಅಪರಾಧವೆಂಬ ಭಾವನೆ ಬಾರದಂತೆ ನೋಡಿಕೊಳ್ಳಬೇಕು.

ಒಪ್ಪಿಸುವುದು ಮತ್ತು ವಹಿಸಿಕೊಡುವುದು

ಹೊಣೆ ಹೊತ್ತವರನ್ನು ಸಭೆಯ ಮುಂದೆ ನಿಲ್ಲಿಸಿ ಪ್ರಾರ್ಥನೆಯೊಂದಿಗೆ ಒಪ್ಪಿಸುವ ಆರಾಧನೆ ವರ್ಷಕ್ಕೊಮ್ಮೆ ಇರಲಿ. ಪಂಚಾಶತ್ತಮ ದಿನದ ಭಾನುವಾರ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಸುಗ್ಗಿ ಹಬ್ಬವನ್ನು ದೊಡ್ಡದಾಗಿ ಆಚರಿಸುವ ಸಭೆಗಳು, ಬೆಳೆಯ ಮೊದಲ ಫಲಗಳನ್ನು ತರುವ ಆ ದಿನವೇ ಇದನ್ನೂ ಸೇರಿಸಿಕೊಳ್ಳಬಹುದು. ಕ್ವಾಯರಿನವರನ್ನೂ ಸಂಡೇ ಸ್ಕೂಲ್ ಶಿಕ್ಷಕರನ್ನೂ ಮಾತ್ರ ಕರೆಯದೆ, ದೇವಾಲಯ ಗುಡಿಸುವವರನ್ನು, ಧ್ವನಿವರ್ಧಕ ನೋಡಿಕೊಳ್ಳುವವರನ್ನು, ಸಾವಿನ ಮನೆಯ ತಂಡದವರನ್ನು, ಮನೆಯಲ್ಲಿದ್ದು ಪ್ರಾರ್ಥಿಸುವವರ ಹೆಸರುಗಳನ್ನು ಒಂದೇ ಸಾಲಿನಲ್ಲಿ, ಒಂದೇ ಪ್ರಾರ್ಥನೆಯಲ್ಲಿ ಒಪ್ಪಿಸಬೇಕು. ಹೆಸರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಓದುವುದು ಲೇಸು, ಹುದ್ದೆಯ ಕ್ರಮದಲ್ಲಿ ಓದಬಾರದು. ಸಭಾಪಾಲಕರು ಅವರನ್ನು ಕೇಳುವ ಪ್ರಶ್ನೆಯ ಜೊತೆಗೆ ಸಭೆಯನ್ನೂ ಒಂದು ಪ್ರಶ್ನೆ ಕೇಳಲಿ: ಇವರಿಗಾಗಿ ಪ್ರಾರ್ಥಿಸುವಿರೋ, ಇವರ ಕೆಲಸಕ್ಕೆ ಕೈ ಜೋಡಿಸುವಿರೋ, ಕೊರತೆ ಕಂಡರೆ ಬೆನ್ನ ಹಿಂದೆ ಆಡದೆ ಎದುರಿಗೆ ಹೇಳುವಿರೋ?

ಅವಧಿ ಮುಗಿದವರನ್ನು ಅದೇ ಆರಾಧನೆಯಲ್ಲಿ ವಂದಿಸಿ ಬಿಡುಗಡೆ ಮಾಡಬೇಕು. ಬಿಡುಗಡೆಯಾದವರು ಹೊಸಬರೊಂದಿಗೆ ಒಂದು ತಿಂಗಳು ಜೊತೆಯಾಗಿ ಕೆಲಸ ಮಾಡಿ, ಬೀಗದ ಕೈ, ಲೆಕ್ಕದ ಪುಸ್ತಕ, ಫೋನ್ ಸಂಖ್ಯೆಗಳ ಪಟ್ಟಿ, ಯಾವ ಮನೆಗೆ ಯಾವ ಹೊತ್ತಿನಲ್ಲಿ ಹೋಗಬೇಕೆಂಬ ತಿಳಿವಳಿಕೆ ಎಲ್ಲವನ್ನೂ ವಹಿಸಿಕೊಡಲಿ. ಹೊಸದಾಗಿ ಒಪ್ಪಿಸಲ್ಪಟ್ಟವರಿಗೆ ಅದೇ ವಾರದೊಳಗೆ ಮೊದಲ ಕೆಲಸ ಸಿಗುವಂತೆ ಸಮಿತಿ ಮೊದಲೇ ಏರ್ಪಾಡು ಮಾಡಿಟ್ಟಿರಬೇಕು, ಏಕೆಂದರೆ ಪ್ರಾರ್ಥನೆಯಾಗಿ ತಿಂಗಳು ಕಳೆದರೂ ಯಾರೂ ಕರೆಯದಿದ್ದರೆ ತಾವು ಬೇಕಾಗಿಲ್ಲವೆಂದು ಅವರು ತಿಳಿದುಕೊಳ್ಳುತ್ತಾರೆ. ಮೂರು ತಿಂಗಳಾದ ಮೇಲೆ ಸಭಾ ಹಿರಿಯರಲ್ಲಿ ಒಬ್ಬರು ಅವರ ಮನೆಗೆ ಮತ್ತೆ ಹೋಗಿ, ಕೆಲಸ ಹೇಗೆ ನಡೆಯುತ್ತಿದೆ, ಏನು ಕಷ್ಟವಾಗುತ್ತಿದೆ, ಮುಂದುವರಿಯಲು ಮನಸ್ಸಿದೆಯೇ ಎಂದು ಕೇಳಿ ಬರೆದುಕೊಂಡು ಬರಬೇಕು.